ಪೆಟ್ರೋಲು, ಕರೆಂಟು ಮತ್ತು ಹಗಲೂಟ

ಮೊದಲು ನಮಸ್ಕಾರ. ನಡೆದು ನಡೆದೇ ಈ ಸೀಮೆಯ ದಾರಿಗಳನ್ನು ಮಾಡಿದ ಹಿರಿಯರಿಗೆ, ಆ ದಾರಿಗಳಲ್ಲಿ ಬರಿಗಾಲಿನಿಂದ ವಿಹಾರ ಮಾಡಿ ಧೂಳನ್ನೂ ಪಾವನಗೊಳಿಸಿದ ಮುನಿಗಳಿಗೆ, ನಮ್ಮ ಹೊರೆಯನ್ನು ತಮ್ಮ ಹೆಗಲಿನಲ್ಲಿ ಹೊತ್ತು ಒಂದು ಮಾತನ್ನೂ ಆಡದೆ ಹೋದ ಎತ್ತುಗಳಿಗೆ, ಆ ಎತ್ತುಗಳ ಋಣವನ್ನು ಮರೆಯಬಾರದೆಂದು ಕಲಿಸಿದ ಗುರುಗಳಿಗೆ ನಮಸ್ಕಾರ. ಇಷ್ಟು ನೆನೆದ ಮೇಲೆ ಪಿಕಪ್ ವಾಹನದ ಮಾತನ್ನು ಆಡಬಹುದು; ಅದಕ್ಕೆ ಮೊದಲು ಆಡಿದರೆ ನನ್ನ ನಾಲಗೆಗೆ ಸಮಾಧಾನವಿರುವುದಿಲ್ಲ.

ಮೂಡುಬಿದಿರೆಯ ನಮ್ಮ ಮನೆಯ ಅಂಗಳದಲ್ಲಿ ಒಂದು ಹಳೆಯ ಪೆಟ್ರೋಲ್ ಪಿಕಪ್ ನಿಂತಿತ್ತು. ಪ್ರತಿದಿನ ಮುಂಜಾನೆ ನಾನು ಸಾಮಾಯಿಕಕ್ಕೆ ಕುಳಿತು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಅದು ಕೆಮ್ಮಲು ತೊಡಗುತ್ತಿತ್ತು. ಒಮ್ಮೆ ಕೆಮ್ಮಿ, ಸುಮ್ಮನಾಗಿ, ಮತ್ತೆ ಕೆಮ್ಮಿ, ಕೊನೆಗೆ ಮೈಯೆಲ್ಲ ನಡುಗಿಸಿಕೊಂಡು ಎದ್ದು ನಿಲ್ಲುವ ಅದರ ಕ್ರಮ ನನಗೆ ಚೆನ್ನಾಗಿ ಪರಿಚಿತ. ಏಕೆಂದರೆ ನಾನು ಏಳುವುದೂ ಹಾಗೆಯೇ.

ವಾಹನ ನನ್ನ ತಂಗಿಯ ಮಗ ಜೀವಂಧರನದು. ನಾನು ಅವನ ಮನೆಯಲ್ಲಿ ಇದ್ದೇನೆ. ಸೋದರಮಾವನೇ ಯಜಮಾನನಾಗುವ ಹಳೆಯ ಅಳಿಯಸಂತಾನದ ಕಟ್ಟಳೆಯಲ್ಲಿ ಹೇಳುವುದಾದರೆ ಅವನು ನನ್ನ ಮನೆಯಲ್ಲಿ ಇದ್ದಾನೆ. ಈ ಪ್ರಶ್ನೆಯನ್ನು ನಾವಿಬ್ಬರೂ ಇದುವರೆಗೆ ಎತ್ತಿಲ್ಲ. ನಾನು ಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದವನು. ಅವನು ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವವನು. ಮದುವೆಯಿರಲಿ, ಗೃಹಪ್ರವೇಶವಿರಲಿ, ಸತ್ತವರ ಬೊಜ್ಜದ ಊಟವಿರಲಿ, ನೆರಳು ಬೇಕಾದ ಕಡೆಗೆಲ್ಲ ಅವನು ನೆರಳನ್ನು ಹೊತ್ತುಕೊಂಡು ಹೋಗುತ್ತಾನೆ. ನಾನು ಜೀವಮಾನವಿಡೀ ಕಲಿಸಿದ ಯಾವ ಶಬ್ದವೂ ಅಷ್ಟು ಜನರಿಗೆ ಬಿಸಿಲಿನಿಂದ ರಕ್ಷಣೆ ಕೊಟ್ಟಿರಲಾರದು.

ಕಳೆದ ಮದುವೆಯ ಕಾಲ ಮುಗಿಯುವ ಹೊತ್ತಿಗೆ ಆ ಪಿಕಪ್ಪಿನ ಆಯುಷ್ಯವೂ ಮುಗಿಯುತ್ತ ಬಂತು. ಹೊಸತನ್ನು ಕೊಳ್ಳಬೇಕು. ಯಾವುದನ್ನು? ಇದೇ ನಮ್ಮ ಮನೆಯಲ್ಲಿ ವಾರಗಟ್ಟಲೆ ನಡೆದ ಜಿಜ್ಞಾಸೆ. ಪೆಟ್ರೋಲಿನದು ಕೊಳ್ಳುವಾಗ ಸುಲಭ, ಓಡಿಸುವಾಗ ದುಬಾರಿ. ಕರೆಂಟಿನದು ಓಡಿಸುವಾಗ ಅಗ್ಗ, ಕೊಳ್ಳುವಾಗ ಭಾರ. ಮೇಲಾಗಿ ಅದಕ್ಕೊಂದು ಮಿತಿ, ಅಷ್ಟು ದೂರ ಹೋದರೆ ನಿಂತು ಹೊಟ್ಟೆ ತುಂಬಿಸಿಕೊಳ್ಳಲೇಬೇಕು. ಇವೆರಡೂ ಸೇರಿದ ಹೈಬ್ರಿಡ್ ಎಂಬುದು ಕಾರುಗಳಲ್ಲಿ ಬಂದಿದೆಯಂತೆ. ನಮ್ಮಂಥವರ ಸಾಮಾನು ಹೊರುವ ಪಿಕಪ್ಪಿನಲ್ಲಿ ಇನ್ನೂ ಬಂದಿಲ್ಲ, ಬರುತ್ತದೆ ಎನ್ನುತ್ತಾರೆ. ಜೀವಂಧರನ ಮನಸ್ಸು ಆ ಬಾರದ ವಾಹನದ ಮೇಲೆಯೇ ಇತ್ತು. ಅದು ಬರುವವರೆಗೆ ಇನ್ನೊಂದು ಪೆಟ್ರೋಲ್ ಗಾಡಿಯಲ್ಲಿ ಕಾಲ ತಳ್ಳುವ ಎಂದು ಅವನ ಲೆಕ್ಕ. ಕಾಸರಗೋಡಿನಿಂದ ಕರೆ ಬಂದರೂ ಹೋಗಬಹುದು, ಘಟ್ಟದ ಮೇಲಿನಿಂದ ಬಂದರೂ ಹೋಗಬಹುದು.

ಅವನ ಹೆಂಡತಿ ಚಂದನಾಳಿಗೆ ಬೇಡವಾಗಿದ್ದದ್ದು ಅದೇ. ಇದನ್ನು ತಿಳಿಯಲು ನಮ್ಮ ಮನೆಯ ಒಂದು ನಡೆಯನ್ನು ಹೇಳಬೇಕು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಬೆಳಕಿರುವಾಗಲೇ ಸಂಜೆಯ ಎಲೆಯೆದುರು ಎಲ್ಲರೂ ಕೂರಬೇಕು. ಆದರೆ ಜೀವಂಧರನ ವ್ಯವಹಾರ ಬೆಳೆದಂತೆ ಆ ಪಂಕ್ತಿಯಲ್ಲಿ ಅವನ ಜಾಗ ಖಾಲಿಯಾಯಿತು. ದೂರದ ಊರಿನಲ್ಲಿ ಕಂಬ ನೆಟ್ಟು, ಯಾವುದೋ ಹೊಟೇಲಿನಲ್ಲಿ ಯಾವುದೋ ಹೊತ್ತಿಗೆ ತಿಂದು ಬರತೊಡಗಿದ. ವ್ರತ ಬಿಟ್ಟೆ ಎಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಪ್ಪನಿಗೆ ಯಾವ ಪಲ್ಯ ಇಷ್ಟವೆಂದು ಯಾರೋ ಕೇಳಿದಾಗ ಅವನ ಮಗಳು ಉತ್ತರ ತೋಚದೆ ತಾಯಿಯ ಮುಖ ನೋಡಿದಳು. ಅಂದಿನಿಂದ ಚಂದನಾಳ ಮಾತು ಒಂದೇ ಆಯಿತು.

"ನನಗೆ ಯಾವ ಗಾಡಿಯೂ ಆಗ್ತದೆ ಮಾವ. ಸೂರ್ಯ ಮುಳುಗುವ ಮೊದಲು ಅದು ಅಂಗಳಕ್ಕೆ ಬರಬೇಕು, ಅಷ್ಟೇ."

ಕರೆಂಟಿನ ಗಾಡಿಯಾದರೆ ದೂರ ಹೋಗಲಾರದು, ಹೋಗಲಾರದ ಗಾಡಿಯ ಯಜಮಾನ ಮನೆಗೆ ಬರಲೇಬೇಕು ಎಂಬುದು ಅವಳ ತರ್ಕ. ನ್ಯಾಯಶಾಸ್ತ್ರದಲ್ಲಿ ಇದಕ್ಕಿಂತ ದುರ್ಬಲವಾದ ಅನುಮಾನಗಳನ್ನು ನಾನು ಓದಿದ್ದೇನೆ.

ಗಂಡಹೆಂಡಿರು ಒಮ್ಮತಕ್ಕೆ ಬಾರದೆ ತೀರ್ಮಾನವನ್ನು ನನ್ನ ಮೇಲೆ ಹೊರಿಸಿದರು. ಮನೆಯಲ್ಲಿ ಕೊನೆಯ ಮಾತು ಮಾವನದು ಎಂಬ ಮರ್ಯಾದೆಯನ್ನು ಅವರು ಇಂಥ ಕಷ್ಟಗಳಿಗಾಗಿಯೇ ಉಳಿಸಿಕೊಂಡಿದ್ದಾರೆ. ನಾನು ಎರಡು ದಿನ ಯೋಚಿಸಿ, ಒಂದೇ ಪ್ರಶ್ನೆಗೆ ಏಳು ಬಗೆಯ ಉತ್ತರ ಕೊಡುವ ನಮ್ಮ ಸ್ಯಾದ್ವಾದದ ಕ್ರಮದಲ್ಲಿ ಉತ್ತರಿಸತೊಡಗಿದೆ: ಒಂದು ದೃಷ್ಟಿಯಿಂದ ಕರೆಂಟಿನ ಗಾಡಿ ಅಗ್ಗ, ಒಂದು ದೃಷ್ಟಿಯಿಂದ ಅಗ್ಗವಲ್ಲ, ಒಂದು ದೃಷ್ಟಿಯಿಂದ ಅಗ್ಗವೂ ಹೌದು, ಅಲ್ಲವೂ ಹೌದು, ಇನ್ನೊಂದು ದೃಷ್ಟಿಯಿಂದ ಅದು ಮಾತಿಗೆ ನಿಲುಕದ್ದು. ಐದನೆಯದಕ್ಕೆ ಬರುವ ಮೊದಲೇ ಚಂದನಾ ತಡೆದಳು.

"ಏಳು ಉತ್ತರ ಬೇಡ ಮಾವ. ಒಂದು ಸಾಕು."

ಹೈಬ್ರಿಡ್ ಎಂಬ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ತಾಯಿ ಹೇಳುತ್ತಿದ್ದ ಇದ್ದಿಲಿನ ಬಸ್ಸು. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಬಸ್ಸುಗಳ ಬೆನ್ನಿಗೆ ಹಂಡೆಯಂಥ ಒಂದು ಒಲೆಯನ್ನು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಗಾಳಿ ಊದಿ, ಆ ಹೊಗೆಯ ಅನಿಲದಿಂದ ಓಡಿಸುತ್ತಿದ್ದರು. ಹೊರಡಿಸಲು ಮಾತ್ರ ತೀರ್ಥದಷ್ಟು ಪೆಟ್ರೋಲು, ಆಮೇಲೆಲ್ಲ ಇದ್ದಿಲು. ಏರು ಬಂದರೆ ಗಂಡಸರು ಇಳಿದು ತಳ್ಳುವುದು ಟಿಕೇಟಿನಲ್ಲಿಯೇ ಸೇರಿತ್ತು. ಹಾಗೆ ನೋಡಿದರೆ ಆ ಬಸ್ಸಿಗೆ ಪೆಟ್ರೋಲು, ಇದ್ದಿಲು, ಪ್ರಯಾಣಿಕರು ಎಂದು ಮೂರು ಇಂಧನಗಳು. ಇಂದಿನವರು ಎರಡಕ್ಕೇ ಬೆರಗಾಗುತ್ತಾರೆ. ನನ್ನ ತಂದೆ ಮದುಮಗನಾಗಿ ಬಂದದ್ದು ಅಂಥ ಬಸ್ಸಿನಲ್ಲಿ. ಇಳಿದಾಗ ಬಿಳಿಯ ಪೇಟವೂ ಒಂದು ಕೆನ್ನೆಯೂ ಮಸಿಯಾಗಿದ್ದವಂತೆ. ದಿಬ್ಬಣದವರು ನಾಚಿಕೊಂಡು ನಿಂತಾಗ ನನ್ನ ಅಜ್ಜಿ, ದೃಷ್ಟಿಬೊಟ್ಟು ಇಡುವ ಕೆಲಸ ತಪ್ಪಿತು ಎಂದು ಆರತಿ ಎತ್ತಿದರಂತೆ. ಆ ಮಾತನ್ನು ಹೇಳುವಾಗಲೆಲ್ಲ ತಾಯಿಯ ಮುಖದಲ್ಲಿ ಬರುತ್ತಿದ್ದ ನಾಚಿಕೆ, ನಾನು ಶಾಲೆ ಬಿಟ್ಟು ಶಾಲೆಗೆ ವರ್ಗವಾಗಿ ಊರೂರು ತಿರುಗಿದರೂ ಮತ್ತೆಲ್ಲಿಯೂ ಕಾಣಸಿಗಲಿಲ್ಲ.

ಇನ್ನು ಮಿತಿಯ ಮಾತು. ಕರೆಂಟಿನ ಗಾಡಿ ಇಷ್ಟೇ ದೂರ ಹೋಗುತ್ತದೆ ಎಂದು ಜೀವಂಧರನ ಸ್ನೇಹಿತರು ಅದನ್ನು ಹಗುರಾಗಿ ಆಡಿಕೊಂಡಾಗ ನನಗೆ ಒಳಗೊಳಗೆ ಸಣ್ಣ ನೋವಾಗುತ್ತಿತ್ತು. ಏಕೆಂದರೆ ಇಷ್ಟೇ ದೂರ ಹೋಗುತ್ತಿದ್ದ ಒಬ್ಬರ ಮಡಿಲಿನಲ್ಲಿ ನಾನು ಬೆಳೆದವನು. ನನ್ನ ತಾಯಿಯ ಅಣ್ಣ, ನಾವು ದೊಡ್ಡಮಾವ ಎನ್ನುತ್ತಿದ್ದವರು, ದಿಗ್ವ್ರತ ಹಿಡಿದಿದ್ದರು. ದಿಕ್ಕುಗಳಿಗೆ ಎಲ್ಲೆ ಕಟ್ಟಿ, ಅದರಾಚೆಗೆ ಕಾಲಿಡುವುದಿಲ್ಲವೆಂದು ಗೃಹಸ್ಥನು ಮಾಡುವ ಸಂಕಲ್ಪ ಅದು. ದೂರ ಹೋದಷ್ಟೂ ಆಸೆಯೂ ಹಿಂಸೆಯೂ ದೂರ ಹೋಗುತ್ತವೆ ಎಂಬುದು ಅದರ ತಿರುಳು. ಅವರ ಎಲ್ಲೆ ತೆಂಕಿಗೆ ನೇತ್ರಾವತಿ, ಮೂಡಿಗೆ ಚಾರ್ಮಾಡಿಯ ಬುಡ, ಬಡಗಿಗೆ ಕಾರ್ಕಳ, ಪಡುವಿಗೆ ಕಡಲು. ಕಡಲನ್ನು ಎಲ್ಲೆಯಾಗಿ ಇಟ್ಟುಕೊಳ್ಳುವುದಕ್ಕೆ ವ್ರತ ಬೇಕಾಗಿರಲಿಲ್ಲವಲ್ಲ ಎಂದು ಮನೆಯ ಹೆಂಗಸರು ಅವರಿಗೆ ಕೇಳದಂತೆ ನಗುತ್ತಿದ್ದರು.

ನೇತ್ರಾವತಿಯ ಆಚೆ ದಡದ ಪಾಣೆಮಂಗಳೂರಿನ ಕಡೆ ಅವರ ಸೋದರಸೊಸೆಯೊಬ್ಬಳ ಮದುವೆಯಾಯಿತು. ನಾವೆಲ್ಲ ಗಾಡಿ ಕಟ್ಟಿಕೊಂಡು ಹೊರಟೆವು. ಸೇತುವೆಯ ಈಚೆ ತುದಿಯಲ್ಲಿ ದೊಡ್ಡಮಾವ ಗಾಡಿ ನಿಲ್ಲಿಸಿ ಇಳಿದು, ಶಾಲು ಹಾಸಿ ಮರದ ಬುಡದಲ್ಲಿ ಕುಳಿತರು. ನೀವು ಹೋಗಿ ಬನ್ನಿ ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ಕಣ್ಣು ಮಾತ್ರ ಸೇತುವೆಯ ಮೇಲಿತ್ತು. ಧಾರೆ ಮುಗಿದ ಮೇಲೆ ಆಚೆ ದಡದವರಿಗೆ ವಿಷಯ ತಿಳಿಯಿತು. ಮದುಮಗಳು ಊಟಕ್ಕೆ ಕೂರಲೊಪ್ಪಲಿಲ್ಲ. ಮದುಮಕ್ಕಳು, ಅವರ ಹಿಂದೆ ವಾಲಗದವರು, ಅವರ ಹಿಂದೆ ಅರ್ಧ ಮದುವೆ, ಸೇತುವೆಯ ಮೇಲೆ ನಡೆದುಕೊಂಡು ಈಚೆಗೆ ಬಂದಿತು. ಮರದ ಬುಡದಲ್ಲಿ ದೊಡ್ಡಮಾವ ಎದ್ದು ನಿಂತು ಅಕ್ಷತೆ ಹಾಕಿದರು. ಒಬ್ಬ ಮನುಷ್ಯ ದಾಟದೆ ಉಳಿದುದರಿಂದ ಒಂದು ಊರೇ ಹೊಳೆ ದಾಟಿತು. ದೂರ ಹೋಗಬಲ್ಲವರನ್ನು ನಾನು ಆಮೇಲೆ ಬಹಳ ಕಂಡಿದ್ದೇನೆ. ಅವರಿಗಾಗಿ ಯಾರೂ ಸೇತುವೆ ದಾಟಿ ಬಂದುದನ್ನು ಕಂಡಿಲ್ಲ.

ಪಿಕಪ್ಪಿಗೆ ಮರಳೋಣ. ಶೋರೂಮಿನವರು ಕರೆಂಟಿನ ಗಾಡಿಯೊಂದನ್ನು ಒಂದು ದಿನ ಓಡಿಸಿ ನೋಡಲು ಕೊಟ್ಟರು. ಆ ದಿನ ಬಂಟ್ವಾಳದ ಹತ್ತಿರ ಒಂದು ಗೃಹಪ್ರವೇಶಕ್ಕೆ ಶಾಮಿಯಾನ ಮುಟ್ಟಿಸುವುದಿತ್ತು. ಮರುದಿನ ಬೆಳಿಗ್ಗೆ ಹೋಮ. ಸಂಜೆಯೊಳಗೆ ಚಪ್ಪರ ಏಳಬೇಕು. ತೀರ್ಪು ಕೊಡುವವನು ಗಾಡಿಯನ್ನು ಕಣ್ಣಾರೆ ಕಾಣಬೇಕೆಂದು ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ.

ಹೊರಟಿತೆಂದೇ ತಿಳಿಯಲಿಲ್ಲ. ಕೆಮ್ಮಿಲ್ಲ, ನಡುಕವಿಲ್ಲ. ಹುಳುಹುಪ್ಪಟೆ ನೋಯದಂತೆ ನೋಡಿ ನಡೆಯುವ ಈರ್ಯಾಸಮಿತಿಯನ್ನು ಅಭ್ಯಾಸ ಮಾಡಿದವರಂತೆ ಮೆಲ್ಲನೆ ಹೆಜ್ಜೆಯಿಟ್ಟಿತು. ಜೀವಂಧರನಿಗೆ ಮಾತ್ರ ಈ ಮೌನ ಹಿಡಿಸಲಿಲ್ಲ. ಹಾರ್ನ್ ಹೊಡೆದು ಹೊಡೆದು ಕೈ ನೋಯುತ್ತದೆ, ದನ ಕೂಡ ಏಳುವುದಿಲ್ಲ ಎಂದ. ಹಿಂದೆ ಕಬ್ಬಿಣದ ಕಂಬಗಳು, ಕುರ್ಚಿಗಳ ರಾಶಿ. ಬಂಟ್ವಾಳಕ್ಕೆ ನೇರ ದಾರಿ ಸಿದ್ಧಕಟ್ಟೆಯ ಮೇಲೆ. ಆಗ ನನ್ನ ಬುದ್ಧಿಗೆ ಒಂದು ಪುಣ್ಯದ ಯೋಚನೆ ಹೊಳೆಯಿತು. ಪೆಟ್ರೋಲು ಸುಡುವುದಿಲ್ಲವಷ್ಟೆ, ಹಾಗಾದರೆ ವೇಣೂರಿನ ಮೇಲೆ ಹೋಗಿ ಬಾಹುಬಲಿ ಸ್ವಾಮಿಗೆ ಕೈಮುಗಿದು, ಗುರುವಾಯನಕೆರೆಗಾಗಿ ಇಳಿದರೆ ಏನು ನಷ್ಟ?

"ಅದು ಸುತ್ತು ಮಾವ," ಎಂದ ಜೀವಂಧರ.

"ಸುತ್ತಿಗೆ ಖರ್ಚಿಲ್ಲವಲ್ಲ," ಎಂದೆ ನಾನು.

ಪೆಟ್ರೋಲಿನ ಗಾಡಿಯಲ್ಲಿ ಕುಳಿತಿದ್ದರೆ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಅವನ ಕಿಸೆಯ ನೆನಪಾಗುತ್ತಿತ್ತು. ಅಗ್ಗವಾದುದನ್ನು ಕಂಡೊಡನೆ ಅದು ಮುಗಿಯುವುದೇ ಇಲ್ಲವೆಂದು ಭಾವಿಸುವುದು ಸಂಸಾರಿಯ ಸ್ವಭಾವ. ಹಿರಿಯರ ಮಾತು ಮೀರಲಾರದ ಅಳಿಯ ಸ್ಟೇರಿಂಗ್ ತಿರುಗಿಸಿದ. ವೇಣೂರಿನಲ್ಲಿ ಸ್ವಾಮಿಯ ಪಾದದ ಬಳಿ ನಾನು ಸಾಕಷ್ಟು ಹೊತ್ತು ನಿಂತೆ. ನಿಂತಲ್ಲಿಯೇ ನಿಂತು ಬಳ್ಳಿ ಹಬ್ಬಿಸಿಕೊಂಡ ಆ ಮಹಾತ್ಮನ ಎದುರಿನಲ್ಲಿ ಅವಸರ ಮಾಡುವುದು ನನಗೆ ಎಂದೂ ಸಾಧ್ಯವಾಗಿಲ್ಲ.

ಗುರುವಾಯನಕೆರೆಯನ್ನು ಹಾದು ಮಡಂತ್ಯಾರು ದಾಟಿದ ಮೇಲೆ ಜೀವಂಧರ ಮತ್ತೆ ಮತ್ತೆ ಸ್ಟೇರಿಂಗಿನ ಹಿಂದೆ ಬಗ್ಗಿ ನೋಡತೊಡಗಿದ. ಕಂಬಗಳ ಭಾರಕ್ಕೂ ಏರುಗಳಿಗೂ ಶೋರೂಮಿನಲ್ಲಿ ಅರ್ಧವೇ ಚಾರ್ಜಾಗಿದ್ದ ಬ್ಯಾಟರಿಯ ಅಂಕಿ ಸರಸರನೆ ಇಳಿಯುತ್ತಿತ್ತು. ಬಂಟ್ವಾಳ ಮುಟ್ಟುವುದು ಅಸಾಧ್ಯವೆಂದು ಪುಂಜಾಲಕಟ್ಟೆಯ ಹತ್ತಿರ ಖಚಿತವಾಯಿತು. ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು.

"ಹಸನಬ್ಬ ಕಾಕನ ಮನೆ ಇಲ್ಲಿಯೇ ಉಂಟು. ಕೇಳಿ ನೋಡುವ," ಎಂದ.

ಹಸನಬ್ಬ ಬ್ಯಾರಿಗಳು ತರಕಾರಿ ವ್ಯಾಪಾರಿ. ಬೆಳಿಗ್ಗೆ ಬೆಳಿಗ್ಗೆ ತಮ್ಮ ಪೆಟ್ರೋಲ್ ಪಿಕಪ್ಪಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ, ಮೇಲಿನ ಸಂತೆಗಳಿಂದ ತರಕಾರಿ ತುಂಬಿ ತರುವವರು. ಅವರ ಮಗಳ ಮದುವೆಗೆ ಶಾಮಿಯಾನ ಹಾಕಿದ್ದು ಜೀವಂಧರ, ಪರಿಚಯ ಅಷ್ಟೇ. ಮುಜುಗರದಿಂದ ಅಂಗಳಕ್ಕೆ ಇಳಿದ ನಮ್ಮನ್ನು ಕಂಡು ಅವರು, ವಿಷಯ ಪೂರ್ತಿ ಕೇಳುವ ಮೊದಲೇ, ಜಗಲಿಯ ಪ್ಲಗ್ಗನ್ನು ತೋರಿಸಿದರು.

"ಮೊದಲು ಗಾಡಿ ಬಂದರೆ ಎತ್ತಿಗೆ ಬೈಹುಲ್ಲು ಹಾಕ್ತಿದ್ದರು ನನ್ನ ಬಾಪ. ಈಗ ವಯರು ಹಾಕುವ. ಅಷ್ಟೇ ಅಲ್ಲವಾ ಮಾಸ್ಟ್ರೇ?"

ವಯರು ಹಾಕಿದ್ದಾಯಿತು. ಸ್ವಲ್ಪ ಹೊತ್ತಿನಲ್ಲಿ ಊರಿನ ಕರೆಂಟು ಹೋಯಿತು. ಜೀವಂಧರ ಆಕಾಶ ನೋಡಿದ. ನಾನು ನೆಲ ನೋಡಿದೆ. ಬಂಟ್ವಾಳದ ಮನೆಯವರ ಫೋನು ಆಗಲೇ ಎರಡು ಸಲ ಬಂದಿತ್ತು. ಹೋಮದ ಹಿಂದಿನ ದಿನ ಚಪ್ಪರವಿಲ್ಲದ ಅಂಗಳವೆಂದರೆ ನೆಂಟರ ಬಾಯಲ್ಲಿ ಜೀವಂಧರನ ಹೆಸರು ವರ್ಷಗಟ್ಟಲೆ ಉಳಿಯುವುದಕ್ಕೆ ಸಾಕು.

ಹಸನಬ್ಬರು ಎದ್ದರು. ತಮ್ಮ ಪಿಕಪ್ಪನ್ನು ಹಿಂದಕ್ಕೆ ತಂದು ನಮ್ಮದಕ್ಕೆ ಒತ್ತಿ ನಿಲ್ಲಿಸಿ, ಕಂಬಗಳನ್ನು ದಾಟಿಸಲು ತೊಡಗಿದರು. ಎಲೆಕೋಸಿನ ವಾಸನೆಯ ಆ ಗಾಡಿಯಲ್ಲಿ ನಮ್ಮ ಶಾಮಿಯಾನ ಬಂಟ್ವಾಳಕ್ಕೆ ಹೋಯಿತು. ಜೀವಂಧರನೂ ಹಸನಬ್ಬರೂ ಅದರೊಂದಿಗೆ. ಕರೆಂಟು ಬರುವುದನ್ನು ಕಾಯಲು ನಾನು ಜಗಲಿಯಲ್ಲಿ ಉಳಿದೆ.

ಎಷ್ಟು ಕಾಲವಾಗಿತ್ತು, ದಾರಿಬದಿಯ ಪರರ ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತು! ಎತ್ತಿನ ಗಾಡಿಯ ದಿನಗಳಲ್ಲಿ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವುದೆಂದರೆ ನಡುವೆ ಒಂದಿಬ್ಬರ ಮನೆಯ ಕಷ್ಟಸುಖ ಕೇಳುವುದೂ ಆಗಿತ್ತು. ಎತ್ತು ದಣಿಯುತ್ತಿತ್ತು, ಎತ್ತಿನ ದಣಿವಿನಿಂದ ಮನುಷ್ಯರ ಸ್ನೇಹವಾಗುತ್ತಿತ್ತು. ಬಾಯಾರಿದವರಿಗೆ ಬೆಲ್ಲ ನೀರು. ದನಗಳಿಗೆ ಕಲ್ಲಿನ ತೊಟ್ಟಿ. ಪೆಟ್ರೋಲು ಬಂದ ಮೇಲೆ ನಾವು ಎಲ್ಲರ ಮನೆಯ ಮುಂದೆಯೂ ಹಾದುಹೋದೆವು, ಯಾರ ಮನೆಗೂ ಹೋಗಲಿಲ್ಲ. ಪೆಟ್ರೋಲಿನ ಬೆಲೆಯನ್ನು ಲೆಕ್ಕ ಹಾಕುವವರು ಇದನ್ನೂ ಕೂಡಿಸಬೇಕಿತ್ತೆಂದು ಆ ಜಗಲಿಯಲ್ಲಿ ನನಗೆ ತೋರಿತು.

ಒಳಗಿನಿಂದ ಹಸನಬ್ಬರ ಮನೆಯಾಕೆ ಎಳನೀರನ್ನೂ ಎರಡು ಬಾಳೆಹಣ್ಣನ್ನೂ ಕಳುಹಿಸಿಕೊಟ್ಟರು. ಸೂರ್ಯ ಮುಳುಗುವ ಮೊದಲೇ ತೆಗೆದುಕೊಳ್ಳಬೇಕಂತೆ ಎಂದು ಬಾಗಿಲ ಮರೆಯಿಂದಲೇ ಹೇಳಿದರು. ಮಗಳ ಮದುವೆಯ ದಿನ ಜೀವಂಧರ ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ತನ್ನ ವ್ರತ ಸಡಿಲವಾಗಿದ್ದರೂ ಅವನು ಅದರ ಮಾತನ್ನು ಪರರ ಅಂಗಳದಲ್ಲಿ ಆಡಿದ್ದ ಎಂದು ನನಗೆ ಆಗ ತಿಳಿಯಿತು. ಎಳನೀರನ್ನು ಬೆಳಕಿರುವಾಗಲೇ ಕುಡಿದು ಮುಗಿಸಿದೆ.

ಕರೆಂಟು ಬಂತು. ಗಾಡಿಯ ಅಂಕಿ ನಿಧಾನವಾಗಿ ಏರತೊಡಗಿತು. ಚಪ್ಪರ ನಿಂತಿತೆಂದು ಹೇಳುತ್ತ ಅವರಿಬ್ಬರೂ ಹಿಂದಿರುಗಿದಾಗ ಬೆಳಕು ಕೆಂಪಗಾಗಿತ್ತು. ಜಗಲಿಯ ಮೇಲೆ ಕುಳಿತು ಇಬ್ಬರೂ ಗಾಡಿಗಳ ಮಾತಿಗೆ ತೊಡಗಿದರು. ಹಸನಬ್ಬರಿಗೂ ಒಂದು ಸಂಕಟವಿತ್ತು. ಘಾಟಿಗೆ ಪೆಟ್ರೋಲು ಸುಟ್ಟರೆ ಬೇಸರವಿಲ್ಲ, ಬಿ.ಸಿ.ರೋಡಿನ ಅಂಗಡಿ ಅಂಗಡಿಗೆ ನಿಲ್ಲಿಸಿ ನಿಲ್ಲಿಸಿ ಸುಡುವುದೇ ಹೊಟ್ಟೆ ಉರಿಸುತ್ತದೆ ಎಂದರು. ಮಧ್ಯಾಹ್ನದ ಮೇಲೆ ಗಾಡಿ ಸುಮ್ಮನೆ ಮಲಗಿರುತ್ತದೆ.

"ನಿಮ್ಮ ದೂರದ ಹೊರೆ ನಾನು ಹೊರ್ತೇನೆ, ಅಲ್ಲಿ ಕಂಬವೂ ನೆಡಿಸಿ ಬರ್ತೇನೆ. ಅಂಗಡಿಗಳಿಗೆ ನನ್ನ ತರಕಾರಿ ನೀವು ಹಾಕಿ," ಎಂದರು. "ಲೆಕ್ಕ ಆಮೇಲೆ ಮಾಡುವ. ಮೊದಲು ಮಾಸ್ಟ್ರಿಗೆ ಒಪ್ಪಿಗೆ ಉಂಟಾ ಕೇಳಿ."

ಜೀವಂಧರ ನನ್ನ ಕಡೆ ತಿರುಗಿದ. ವಾರಗಟ್ಟಲೆ ನಾನು ಹುಡುಕಿದ ಒಂದು ಉತ್ತರ ನನ್ನೆದುರಿಗೆ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿತ್ತು.

"ನೀನು ಕಾಯುತ್ತಿದ್ದ ಹೈಬ್ರಿಡ್ ಬಂದಿದೆ," ಎಂದೆ. "ಎರಡೂ ಒಂದೇ ಗಾಡಿಯಲ್ಲಿ ಇರಬೇಕೆಂದು ಯಾರು ಹೇಳಿದರು? ಒಂದು ನಿನ್ನ ಅಂಗಳದಲ್ಲಿರಲಿ, ಒಂದು ಇವರ ಅಂಗಳದಲ್ಲಿರಲಿ."

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಚಂದನಾ ಬಾಗಿಲಲ್ಲಿ ನಿಂತಿದ್ದಳು. ಮಗಳಿಗೆ ಬೆಳಕಿರುವಾಗಲೇ ಉಣ್ಣಿಸಿ, ಈಗ ಬಂದಾರು, ಇನ್ನೇನು ಬಂದಾರು ಎಂದು ತಾನು ಕಾಯುತ್ತ ಕುಳಿತಿದ್ದಾಗ ಸೂರ್ಯ ಅವಳಿಗೆ ತಿಳಿಯದಂತೆ ಮುಳುಗಿದ್ದ. ಆದ್ದರಿಂದ ಅವಳಿಗೂ ಅಂದು ಊಟವಿಲ್ಲ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಗಾಡಿ ಹೇಗೆ ಓಡಿತು ಎಂದು ಕೇಳಿದಳು. ಜೀವಂಧರ ಎಲ್ಲವನ್ನೂ ಹೇಳಿದ. ವೇಣೂರಿನ ಸುತ್ತನ್ನು ಮಾತ್ರ ಹೇಳಲಿಲ್ಲ, ನಾನೇ ಹೇಳಬೇಕಾಯಿತು.

"ಈ ಕರೆಂಟಿನದ್ದೇ ತೆಗೊಳ್ಳುವ," ಎಂದ ಕೊನೆಗೆ.

ಚಂದನಾ ತಲೆಯಾಡಿಸಿ, ಅಭ್ಯಾಸಬಲದಿಂದ ಅವನಿಗೊಂದು ತಟ್ಟೆ ತಂದಳು. ಹೊರಗೆ ತಿಂದು ಬಾರದ ದಿನ ಅವನು ರಾತ್ರಿಯಾದರೂ ಉಣ್ಣುತ್ತಿದ್ದ. ಅಂದು ಅವನು ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಣೆಯ ಮೇಲೆ ಮಗುಚಿ ಇಟ್ಟ. ಅನ್ನದ ಪಾತ್ರೆಗೆ ತಾನೇ ಮುಚ್ಚಳ ಮುಚ್ಚಿದ.

"ನಾಳೆ ಬೆಳಿಗ್ಗೆ ಉಣ್ಣುವ. ಎಲ್ಲರೂ ಒಟ್ಟಿಗೆ," ಎಂದು ಹೇಳಿ ಕಾಲು ತೊಳೆಯಲು ಬಾವಿಕಟ್ಟೆಗೆ ಹೋದ.

ಹಸಿದ ಮೂವರು ಆ ರಾತ್ರಿ ನಮ್ಮ ಮನೆಯಲ್ಲಿ ಮಲಗಿದೆವು. ಇಷ್ಟು ತುಂಬಿದ ಮನೆಯಲ್ಲಿ ನಾನು ಬಹುಕಾಲದಿಂದ ಮಲಗಿರಲಿಲ್ಲ.

ಪುಂಜಾಲಕಟ್ಟೆಯ ಆ ಜಗಲಿಗೆ ಎಂದೂ ಬಂದವರ ಕೊರತೆಯಾಗದಿರಲಿ. ಬಾಗಿಲ ಮರೆಯಿಂದ ಹೊತ್ತನ್ನು ನೆನಪಿಸಿದ ತಾಯಿಗೆ ನೂರು ಸಂಜೆಗಳು ತಂಪಾಗಿರಲಿ. ಘಾಟಿಯ ತಿರುವುಗಳಲ್ಲಿ ಹಸನಬ್ಬರ ಗಾಡಿಯನ್ನು ಪುಣ್ಯ ಕಾಯಲಿ. ತಡವಾಗಿ ಎದ್ದ ಚಪ್ಪರದ ಕೆಳಗೆ ಹಾಲುಕ್ಕಿಸಿದ ಬಂಟ್ವಾಳದ ಆ ಹೊಸ ಮನೆಯಲ್ಲಿ ಅನ್ನ ಅಕ್ಷಯವಾಗಲಿ. ಕಾದವಳಿಗೂ, ಕಾಯಿಸಿದವನಿಗೂ, ಇಷ್ಟು ಹೊತ್ತು ಈ ಮುದುಕನ ಸುತ್ತುದಾರಿಯಲ್ಲಿ ಜೊತೆಗೆ ಬಂದ ನಿಮಗೂ ಒಳಿತಾಗಲಿ.